‘ಕ್ವಿಟ್ಸ್’ ಪದಕ್ಕೊಂದು ಉದಾಹರಣೆ

“ಸಾರ್, ಯಾರು ತೀರ್ಕೊಂಡ್ರು?” ಎಂದು ಟೈಪಿಸ್ಟ್ ಕೇಳಿದಾಗ ಸಂಪಾದಕರು ಊಟದ ಡಬ್ಬಿಯ ಮುಚ್ಚಳದೊಂದಿಗೆ ಗುದ್ದಾಡುತ್ತಿದ್ದರು.

“ಯಾರೂ ಇಲ್ವಲ್ಲ. ಯಾಕಮ್ಮ?”

“ಈ ಚೀಟಿ ನೋಡಿ. ‘ಕ್ವಿಟ್ಸ್: ಕೊಟ್ಟವರು, ಪಡೆದವರು ಇಬ್ಬರೂ ಸರಿಸಮ ಆಗುವುದು. ಉದಾಹರಣೆ: ಅಕ್ಕ, ಇಲ್ಲಿಗೆ ನಮ್ಮ ಋಣ ತೀರಿತು.’ ಅಕ್ಕ ಸತ್ತೋದ್ಳಾ, ಇಲ್ಲ ಇವನೇ ಅಕ್ಕನ್ನ ಬೇಡ ಅಂದ್ನಾ?”

“ಅಯ್ಯೋ, ಹಾಗಲ್ಲ. ಸಾಲ ಪೂರ್ತಿ ತೀರ್ಸಿದೀನಿ ಅಂತ. ಖುಷಿಯ ಮಾತು ಅದು.”

“ಇದು ಖುಷಿಯ ಮಾತಾ? ನಮ್ಮತ್ತೆ ಹೀಗಂದಿದ್ರೆ ನಾನು ಅವತ್ತೇ ಗಂಟುಮೂಟೆ ಕಟ್ತಿದ್ದೆ ಸಾರ್. ಋಣ ತೀರಿತು ಅಂದ್ರೆ ಇನ್ಮೇಲೆ ನಿನ್ನ ಮುಖ ನೋಡಲ್ಲ ಅಂತ ತಾನೆ?”

ಸಂಪಾದಕರು ನಕ್ಕರು. ಮುಚ್ಚಳ ಬಿಚ್ಚಿಕೊಂಡಿತು. ಆದರೆ ಅನ್ನ ಬಾಯಿಗೆ ಹೋಗಲಿಲ್ಲ.

ಇಪ್ಪತ್ತೆರಡು ವರ್ಷಗಳಿಂದ ಅವರು ಆ ನಿಘಂಟು ಕಚೇರಿಯಲ್ಲಿ ಇಂಗ್ಲಿಷ್ ನುಡಿಗಟ್ಟುಗಳಿಗೆ ಅರ್ಥ ಬರೆಯುತ್ತಿದ್ದರು. ಅವರ ವಠಾರದ ಮಕ್ಕಳು ಅವರನ್ನು ಡಿಕ್ಷನರಿ ಎಂದೇ ಕರೆಯುತ್ತಿದ್ದವು. ಮದುವೆಯ ಮಾತೆತ್ತಿದವರಿಗೆ, “ಇನ್ನೂ ಸಿ ಅಕ್ಷರದಲ್ಲಿದ್ದೀನಿ, ಎಂ ಬರ್ಲಿ” ಎನ್ನುತ್ತಿದ್ದರು. ಎಂ ಬಂತು, ಮ್ಯಾರೇಜ್ ಎಂಬ ಪದಕ್ಕೆ ಅರ್ಥ ಬರೆದು ಎನ್‌ಗೆ ಹೋದರು. ಈಗ ಕೊನೆಯ ಭಾಗದಲ್ಲಿ, ಇಂಗ್ಲಿಷಿನವರು ಸಾಲ ತೀರಿಸುವ ಮಾತುಗಳಿಗೆಂದೇ ಒಂದು ಅನುಬಂಧ ನಡೆದಿತ್ತು. ಸ್ಕೋರ್ ಎಂದರೆ ಮೊದಲು ಕೋಲಿನ ಮೇಲೆ ಹಾಕುವ ಕಚ್ಚು. ಬಾಕಿಯನ್ನು ಹಾಗೆ ಕಚ್ಚು ಹಾಕಿ ನೆನಪಿಡುತ್ತಿದ್ದರು. ಪೇ ಎಂಬ ಪದದ ಮೂಲದಲ್ಲಿ ಹಣವೇ ಇಲ್ಲ, ಸಮಾಧಾನಪಡಿಸುವುದು ಎಂಬ ಅರ್ಥವಿದೆ. ಕ್ವಿಟ್ಸ್ ಮತ್ತು ಕ್ವಯಟ್, ಅಂದರೆ ಲೆಕ್ಕ ಮುಗಿದದ್ದು ಮತ್ತು ಸದ್ದಿಲ್ಲದ್ದು, ಒಂದೇ ತಾಯಿಬೇರಿನ ಮಕ್ಕಳು. ಇದನ್ನೆಲ್ಲ ಅಂದು ಬೆಳಿಗ್ಗೆ ಅವರೇ ಮುತ್ತು ಪೋಣಿಸಿದ ಹಾಗೆ ಬರೆದಿದ್ದರು.

ಉದಾಹರಣೆಗೆ ಬರೆದ ವಾಕ್ಯ ಮಾತ್ರ ಅಂದಿನದಲ್ಲ. ಅದಕ್ಕೆ ಒಂಬತ್ತು ವರ್ಷ ವಯಸ್ಸಾಗಿತ್ತು.

ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಅವರನ್ನು ಓದಿಸಿದವಳು ಅಕ್ಕ. ಶರ್ಟಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ಕಾಲೇಜಿನ ಫೀಸಿಗೆ ಮೇಸ್ತ್ರಿಯ ಹತ್ತಿರ ಕೈಚಾಚಿದ್ದಳು. ಆ ಸಾಲದ ದೆಸೆಯಿಂದ ಬೇರೆ ಕಡೆ ಒಳ್ಳೆಯ ಸಂಬಳಕ್ಕೆ ಕರೆದರೂ ಹೋಗಲಾಗಲಿಲ್ಲ. ಕೆಲಸ ಸಿಕ್ಕ ತಿಂಗಳಿನಿಂದಲೇ ಇವರು ಮನಿಆರ್ಡರ್ ಕಳಿಸತೊಡಗಿದರು. ಅಕ್ಕ ಬೇಡವೆನ್ನಲಿಲ್ಲ, ಬಂತು ಎಂದು ಪ್ರತಿ ತಿಂಗಳೂ ಫೋನು ಮಾಡಿ, ಉಂಡೆಯಾ, ಕೆಮ್ಮು ಹೋಯಿತಾ ಎಂದು ವಿಚಾರಿಸುತ್ತಿದ್ದಳು. ಕೊನೆಯ ಕಂತಿನ ದಿನ ಇವರಿಗೆ ಬೆಟ್ಟ ಇಳಿಸಿದಷ್ಟು ಹಗುರವೆನಿಸಿತ್ತು. ಮನಸ್ಸಿನಲ್ಲಿ ಇದ್ದದ್ದು ಕ್ವಿಟ್ಸ್ ಎಂಬ ಪದ. ಮನಿಆರ್ಡರ್ ಫಾರಂನಲ್ಲಿ ಸಂದೇಶಕ್ಕೆಂದು ಬಿಟ್ಟ ಸಣ್ಣ ಜಾಗದಲ್ಲಿ ಹಿಡಿಸುವ ಹಾಗೆ, ಹೆಮ್ಮೆಯಿಂದ ಆ ವಾಕ್ಯವನ್ನು ಬರೆದಿದ್ದರು.

ಮನಿಆರ್ಡರ್ ವಾಪಸು ಬಂತು. ಪಡೆಯುವವರು ನಿರಾಕರಿಸಿದ್ದಾರೆ ಎಂದು ಅಂಚೆಯವರ ಮುದ್ರೆಯಿತ್ತು. ಬಡ್ಡಿಯೂ ಬೇಕಿತ್ತೇನೋ ಮಹಾರಾಣಿಗೆ ಎಂದು ಇವರು ಸಿಟ್ಟಾದರು. ಫೋನು ಬರಲಿಲ್ಲ, ಇವರೂ ಮಾಡಲಿಲ್ಲ. ಒಂಬತ್ತು ವರ್ಷ ಕೆಮ್ಮು ಹೋಯಿತಾ ಎಂದು ಯಾರೂ ಕೇಳಲಿಲ್ಲ.

ದೀಪದ ಬುಡದಲ್ಲಿ ಕತ್ತಲು ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು. ಪರಭಾಷೆಯ ಒಂದೊಂದು ಪದದ ಹುಟ್ಟು, ಕುಲ, ಗೋತ್ರ ಕೆದಕಿದ ಮನುಷ್ಯ, ಮನೆಯ ಮಾತಿನ ಅರ್ಥ ತಿಳಿಯಲು ಟೈಪಿಸ್ಟ್ ಬಾಯಿ ಬಿಡುವವರೆಗೂ ಕಾಯಬೇಕಾಯಿತು.

ಐದು ಗಂಟೆಗೆ ಅವಳು ಚೀಲ ಹೆಗಲಿಗೆ ಹಾಕಿಕೊಂಡು, “ಆ ಉದಾಹರಣೆ ಬದಲಾಯಿಸ್ತೀರಾ ಸಾರ್?” ಎಂದಳು.

“ನಾಳೆ ನೋಡೋಣ.”

ಅವಳು ಹೋದ ಮೇಲೆ ಕೋಣೆಯಲ್ಲಿ ಚೀಟಿಗಳ ಡ್ರಾಯರ್‌ಗಳು, ಅವರು, ಮೇಜಿನ ಫೋನು ಇಷ್ಟೇ ಉಳಿದದ್ದು. ಅವರಿಗೆ ಭಯವಾಯಿತು. ಅಕ್ಕನಿಗೆ ಅರವತ್ತೆಂಟು. ಆ ವಾಕ್ಯ ಈಗಾಗಲೇ ಟೈಪಿಸ್ಟ್ ಹೇಳಿದ ಮೊದಲ ಅರ್ಥದಲ್ಲಿ ನಿಜವಾಗಿಬಿಟ್ಟಿದ್ದರೆ? ತಮಗೆ ಯಾರು ಹೇಳಿಕಳಿಸುತ್ತಿದ್ದರು? ಎರಡು ಸಲ ತಪ್ಪು ನಂಬರ್ ಒತ್ತಿ, ಮೂರನೆಯ ಸಲ ಸರಿಯಾಗಿ ಒತ್ತಿದರು.

“ಯಾರು?”

ಅದೇ ದನಿ, ಸ್ವಲ್ಪ ಒಡಕಾಗಿತ್ತು.

“ನಾನಕ್ಕ.”

ಅಕ್ಕ ಫೋನು ಇಟ್ಟಿರಲಿಲ್ಲ, ಉಸಿರು ಕೇಳಿಸುತ್ತಿತ್ತು.

“ಆ ಮನಿಆರ್ಡರ್ ಫಾರಂನಲ್ಲಿ ಬರೆದಿದ್ನಲ್ಲ... ಅದು ಹಾಗಲ್ಲ ಅಕ್ಕ. ಇಂಗ್ಲಿಷ್‌ನಲ್ಲಿ ಒಂದು ಪದ ಇದೆ, ಅದನ್ನ...”

“ನಂಗೆ ಇಂಗ್ಲಿಷ್ ಬರಲ್ಲ. ನಿಂಗೆ ನಮ್ಮ ಮಾತು ಬರುತ್ತೆ ಅಂದ್ಕೊಂಡಿದ್ದೆ.”

ಎಯಿಂದ ಝೆಡ್‌ವರೆಗಿನ ಒಂದು ಪದವೂ ಅವರ ನೆರವಿಗೆ ಬರಲಿಲ್ಲ. ಅಕ್ಕ ಇನ್ನೇನು ಫೋನು ಇಡುತ್ತಾಳೆ ಎನಿಸಿತು. ಇಟ್ಟರೆ ಮತ್ತೆ ಎತ್ತುವವಳಲ್ಲ.

“ಅಕ್ಕ, ಸ್ವಲ್ಪ ದುಡ್ಡು ಬೇಕಾಗಿತ್ತು.”

ಹಸಿ ಸುಳ್ಳು. ಸಂಬಳವಾಗಿ ಎರಡು ದಿನವಾಗಿತ್ತು.

ಅಕ್ಕ, “ಎಷ್ಟು?” ಎಂದಳು.

ಎಷ್ಟೆಂದು ಅವರು ಯೋಚಿಸಿರಲಿಲ್ಲ. “ನಿನ್ನ ಹತ್ರ ಇದ್ದಷ್ಟು.”

“ಯಾವಾಗ ವಾಪಸ್ ಕೊಡ್ತೀಯಾ?”

“ಕೊಡಲ್ಲ ಅಕ್ಕ.”

ಆ ಕಡೆ ರಿಸೀವರನ್ನು ಮರದ ಮೇಲೆ ಮೆಲ್ಲಗೆ ಇಟ್ಟ ಸದ್ದಾಯಿತು. ಫೋನು ಕಟ್ ಆಗಿರಲಿಲ್ಲ. ಚಪ್ಪಲಿ ಎಳೆದುಕೊಂಡು ನಡೆದದ್ದು ಕೇಳಿಸಿತು, ಆಮೇಲೆ ಬೀರುವಿನ ಬಾಗಿಲು ಕಿರುಗುಟ್ಟಿದ್ದು. ಅವರು ರಿಸೀವರನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡು ನಿಂತೇ ಇದ್ದರು.