ಉಸ್ತಾದರ ಮೆತ್ತನೆಯ ಕೈ

ಹೊಸಪೇಟೆಯಲ್ಲಿ ಗರಡಿಗಳಿಗೇನೂ ಬರವಿರಲಿಲ್ಲ. ಆದರೆ ಊರಿನ ಜನ ಕೆಲಸ ಬಿಟ್ಟು ಹೋಗಿ ನೋಡುತ್ತಿದ್ದುದು ಉಚ್ಚೆಂಗಪ್ಪ ಉಸ್ತಾದರ ಗರಡಿಯೊಂದನ್ನೇ. ಬೇರೆ ಕಡೆ ಪೈಲ್ವಾನರು ಗೂಳಿಗಳ ಹಾಗೆ ಗುದ್ದಾಡುತ್ತಿದ್ದರೆ, ಇಲ್ಲಿ ಇಬ್ಬರು ಎದುರುಬದುರು ನಿಂತು, ಮುಂಗೈಗೆ ಮುಂಗೈ ಆನಿಸಿ, ಜೋಳ ಬೀಸುವವರಂತೆ ನಿಧಾನವಾಗಿ ಕೈ ಸುತ್ತಿಸುತ್ತಿದ್ದರು. ಒಬ್ಬ ದೂಡಬೇಕು. ಇನ್ನೊಬ್ಬ ಎದುರು ಬಲ ಹಾಕದೆ ಸೊಂಟ ತಿರುಗಿಸಿ ಆ ಬಲಕ್ಕೆ ದಾರಿ ಬಿಡಬೇಕು. ದೂಡಿದವನು ತನ್ನ ಭಾರಕ್ಕೆ ತಾನೇ ಮುಗ್ಗರಿಸಬೇಕು. ಅಷ್ಟೇ ಪಾಠ.

ಉಸ್ತಾದರು ಬುಕ್ಕಸಾಗರದ ಹರಿಗೋಲಿನವನ ಮಗ. "ಹೊಳಿ ತುಂಬಿ ಬಂದಾಗ ಹರಿಗೋಲು ಎದಿ ಕೊಟ್ಟು ನಿಲ್ಲತೈತೇನಲೇ? ತಿರುಗತೈತಿ. ತಿರುಗಿ ತಿರುಗಿ ದಡ ಸೇರತೈತಿ. ಬಲ ಬಂದ್ರ ಎದುರು ನಿಲ್ಲಬ್ಯಾಡ್ರಿ, ದಾರಿ ಬಿಡ್ರಿ" ಎನ್ನುವರು. ಬರೀ ಮಾತಿನ ಮಲ್ಲರಲ್ಲ ಅವರು. ಹರೆಯದಲ್ಲಿ ಸಂಡೂರಿನ ಕಣದಲ್ಲಿ ಬಳ್ಳಾರಿ ದಂಡಿನ ಪೈಲ್ವಾನನೊಬ್ಬನನ್ನು ಹೀಗೆಯೇ ಕೆಡವಿದ್ದರು. ಅವನ ಹೆಗಲೆಲುಬು ಮುರಿದ ಸದ್ದು ಕೇಳಿದ ಮುದುಕರು ಇನ್ನೂ ಬದುಕಿದ್ದರು.

ಈಗ ಉಸ್ತಾದರ ಮೀಸೆ ಹತ್ತಿಯಂತೆ ಬೆಳ್ಳಗಾಗಿತ್ತು, ಆದರೆ ಕೈ ಸೋತಿರಲಿಲ್ಲ. ಪಟ್ಟದ ಶಿಷ್ಯ ತಾಯಪ್ಪ, ಆನೆಯಂಥ ಆಳು, ಓಡಿ ಬಂದು ದೂಡಿದರೂ ಉಸ್ತಾದರು ಬೆರಳು ತಾಗಿಸಿದರೆ ಸಾಕು, ಕೆಮ್ಮಣ್ಣಿನಲ್ಲಿ ಹೊರಳುತ್ತಿದ್ದ. ಎಡಗಾಲಿನ ಗಿಣ್ಣು ಹಿಂದೆ ಗಾಡಿಯ ಕೆಳಗೆ ಸಿಕ್ಕಿ ಮುರಿದಿದ್ದರಿಂದ ಅವನು ಬೀಳುವ ರೀತಿಯೇ ಬೇರೆ. ಮೊದಲು ಎಡಮಂಡಿ ಮಡಿಸಿ, ಅರ್ಧ ಸುತ್ತು ತಿರುಗಿ, ಬಲಗೈಯಿಂದ ನೆಲ ಬಡಿದು ಬೀಳುತ್ತಿದ್ದ. ಜನ ಬಾಯಿಗೆ ಬೆರಳಿಡುತ್ತಿದ್ದರು. ಉಸ್ತಾದರಿಗೆ ಮಕ್ಕಳಿರಲಿಲ್ಲ. ಮುಂದಿನ ಸಂಡೂರು ಕುಸ್ತಿಯಲ್ಲಿ ಈ ಹುಡುಗ ಗೆದ್ದರೆ ತಮ್ಮ ಜನ್ಮ ಸಾರ್ಥಕ ಎಂದುಕೊಂಡಿದ್ದರು.

ಕಂಪ್ಲಿಯ ಜಂಬಯ್ಯನಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ. ಅವನೂ ಪೈಲ್ವಾನನೇ. ಒಂದು ಸಂತೆಯ ದಿನ ಹೊಸಪೇಟೆಯ ಪೇಟೆಬೀದಿಯಲ್ಲೇ ಗಂಟಲು ಹರಿಯುವಂತೆ ಕೂಗಿದ. "ಉಸ್ತಾದ್ರ ಶಿಷ್ಯರು ಬೀಳ್ತಾರ, ನಾ ಬೀಳಂಗಿಲ್ಲ. ನನ್ನ ಕೆಡವಲಿ ನೋಡೋಣ!"

ಮಾತು ಉಸ್ತಾದರ ಕಿವಿಗೆ ಬಿತ್ತು. ತಲೆಯ ರುಮಾಲು ಮುಟ್ಟಿ, ಎಲ್ಲರೆದುರು ಆಣೆಯಿಟ್ಟರು. "ಬರ್ಲಿ ಮಗಾ. ನನ್ನ ಕಾಲು ನೆಲ ಬಿಟ್ಟು ಕದಲಿದ್ರ, ಈ ರುಮಾಲು ಹನುಮಪ್ಪನ ಪಾದಕ್ಕಿಟ್ಟು ಗರಡಿ ಬಿಡ್ತೀನಿ."

ತಾಯಪ್ಪನ ಮುಖ ಹುಳ್ಳಗಾಯಿತು. "ಯಾಕ ಬೇಕ್ರಿ ಉಸ್ತಾದ್ರ? ಬೊಗಳೋರು ಬೊಗಳ್ಲಿ ಬಿಡ್ರಿ."

"ನನ್ನ ಕೈ ಮ್ಯಾಲ ನಂಬಿಕಿ ಇಲ್ಲೇನಲೇ?"

ಮರುದಿನ ತಾಯಪ್ಪ, ಕಂಪ್ಲಿಯಲ್ಲಿ ಅಕ್ಕನಿಗೆ ಮೈಗೆ ಹುಷಾರಿಲ್ಲವೆಂದು ಹೇಳಿ ಹೋದವನು, ಎರಡು ದಿನ ಬಿಟ್ಟು ಬಂದ. ಅಕ್ಕ ಹೇಗಿದ್ದಾಳೆಂದು ಕೇಳಿದರೆ, ಪರವಾಗಿಲ್ಲ ಎಂದ. ಉಸ್ತಾದರು ನಂಬಿದರು. ನಂಬದೆ ಏನು?

ಪಂದ್ಯದ ಬೆಳಿಗ್ಗೆ ಗರಡಿಯ ಗೋಡೆಯ ಮೇಲೂ ಜನ. ಜಂಬಯ್ಯ ತೊಡೆ ತಟ್ಟಿ ಬಂದ. ಮುಂಗೈಗೆ ಮುಂಗೈ ಕೂಡಿತು. ಉಸ್ತಾದರು ಕಣ್ಣು ಅರೆಮುಚ್ಚಿ ಅವನ ಬಲ ಎಲ್ಲಿಂದ ಏಳುತ್ತದೆಂದು ಕೈಯಲ್ಲೇ ಹುಡುಕಿದರು. ಸಿಗಲಿಲ್ಲ. ಅಷ್ಟು ದೊಡ್ಡ ಆಳಿನ ತೋಳಿನಲ್ಲಿ ಮಗುವಿನಷ್ಟೂ ಬಲವಿಲ್ಲ. ಜಂಬಯ್ಯ ಹೂಂಕರಿಸಿ ಮುನ್ನುಗ್ಗಿದ. ಉಸ್ತಾದರು ಸೊಂಟ ತಿರುಗಿಸುವ ಮೊದಲೇ ಅವನ ಎಡಮಂಡಿ ಮಡಿಯಿತು. ಅರ್ಧ ಸುತ್ತು ತಿರುಗಿದ. ಬಲಗೈಯಿಂದ ನೆಲ ಬಡಿದು ಬಿದ್ದ.

ಜನ ಕುಣಿದಾಡಿದರು. ಯಾರೋ ಹಾರ ಹಾಕಿದರು. ಉಸ್ತಾದರು ಮಾತ್ರ ನಿಂತಲ್ಲೇ ನಿಂತಿದ್ದರು. ಆ ಬೀಳುವ ರೀತಿ ಅವರಿಗೆ ಗೊತ್ತಿತ್ತು. ಜಂಬಯ್ಯನ ಗಿಣ್ಣು ಯಾವ ಗಾಡಿಗೂ ಸಿಕ್ಕಿರಲಿಲ್ಲ. ಗಟ್ಟಿ ಕಾಲಿನವನು ಮುರಿದ ಕಾಲಿನವನಂತೆ ಯಾಕೆ ಬೀಳಬೇಕು?

ಜನ ಚದುರಿದ ಮೇಲೆ ಉಸ್ತಾದರು ಬಾಗಿಲು ಮುಚ್ಚಿಸಿದರು. ಒಳಗೆ ಉಳಿದವರು ತಾಯಪ್ಪ, ಹಿರಿಯ ಶಿಷ್ಯ ಮೂಕಪ್ಪ, ಇಬ್ಬರೇ.

"ಬೀಳೋದು ಅವಗ ನೀನ ಕಲಿಸಿದಿ, ಹೌದಿಲ್ಲೋ?"

ತಾಯಪ್ಪ ಕಾಲು ಹಿಡಿದ. "ತಪ್ಪಾತ್ರಿ. ನಿಮ್ಮ ಮಾನ ಹೋಗಬಾರದು ಅಂತ ಮಾಡಿದೆ."

"ಪುಗಸಟ್ಟೆ ಬೀಳೋ ಮಗಾ ಅಲ್ಲ ಅವ. ಏನು ಕೊಟ್ಟಿ?"

"ಸಂಡೂರಿನ ಕಣದಾಗ ಅವಗ ನಾ ಬೀಳ್ತೀನಿ ಅಂತ ಮಾತು ಕೊಟ್ಟೀನಿ."

ತಾವು ಇಷ್ಟು ವರ್ಷ ಕಾದಿದ್ದ ಗೆಲುವನ್ನು ಈ ಹುಡುಗ ಹಿಂಬಾಗಿಲಿನಿಂದ ಮಾರಿ ಬಂದಿದ್ದ, ಅದೂ ತಮ್ಮ ಹೆಸರಿನಲ್ಲಿ! ಉಸ್ತಾದರಿಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಹಾರ ಕಿತ್ತು ಎಸೆದರು. ಕೆಮ್ಮಣ್ಣಿಗೆ ಇಳಿದು ಕಾಲೂರಿ ನಿಂತರು.

"ಏಳು. ದೂಡು ನನ್ನ. ಖರೇ ದೂಡಬೇಕು. ಸುಳ್ಳ ದೂಡಿದ್ರ ನಿನ್ನ ಮುಖ ನೋಡಂಗಿಲ್ಲ."

ತಾಯಪ್ಪ ಅಳುತ್ತಲೇ ಎದ್ದ. ಅಂಗೈ ಅವರ ಎದೆಗಿಟ್ಟ. ದೂಡಿದ. ಉಸ್ತಾದರು ತಿರುಗಬೇಕೆಂದುಕೊಂಡರು. ಸೊಂಟಕ್ಕೆ ಆ ಮಾತು ತಲುಪುವಷ್ಟರಲ್ಲಿ ಬೆನ್ನು ನೆಲ ಕಂಡಿತ್ತು. ಬಾಯಿಗೆ ಮಣ್ಣು ಸಿಡಿದಿತ್ತು.

ಅಲ್ಲೇ ಕುಳಿತು ಕೇಳಿದರು. "ನೀ ನನ್ನ ಕೈಗೆ ಖರೇ ಬಿದ್ದದ್ದು ಯಾವಾಗ?"

ತಾಯಪ್ಪ ನೆಲ ನೋಡಿದ. "ಗರಡಿಗೆ ಬಂದ ಮೊದಲ್ನೇ ದಿನಾನ ಮೂಕಪ್ಪಣ್ಣ ಹೇಳಿದ್ದ್ರಿ, ಉಸ್ತಾದ್ರು ಮುಟ್ಟಿದ್ರ ಬೀಳಬೇಕು ಅಂತ."

ಒಂದು ದಿನವೂ ಇಲ್ಲ! ಜನ ಬಾಯಿಗೆ ಬೆರಳಿಟ್ಟ ದಿನಗಳೆಲ್ಲ ಸುಳ್ಳು. ಗುರುವನ್ನು ಕೆಡವಬಾರದೆಂಬ ಭಕ್ತಿಯಿಂದ ಮಕ್ಕಳಂಥವರೆಲ್ಲ ಸೇರಿ ಅವರನ್ನು ಬೊಂಬೆ ಮಾಡಿ ಆಡಿಸಿದ್ದರು.

"ಮೂಕಪ್ಪಾ, ನಿನಗ್ಯಾರು ಹೇಳಿದ್ರೋ?"

ಮೂಕಪ್ಪ ತಲೆಯೆತ್ತಲಿಲ್ಲ. "ನಿಮ್ಮ ಸೊಂಟ ಹಿಡಿದ ವರ್ಷ ನೀವು ಬೀಳೋದು ನೋಡಾಕ ಆಗಲಿಲ್ರಿ. ಬಲ ಬಂದ್ರ ಎದುರು ನಿಲ್ಲಬ್ಯಾಡ್ರಿ, ದಾರಿ ಬಿಡ್ರಿ ಅಂತ ನೀವ ಹೇಳಿದ್ರಲ್ರಿ. ಬಿಟ್ವಿ."

ಉಸ್ತಾದರು ನಿಧಾನವಾಗಿ ಎದ್ದರು. ರುಮಾಲು ಬಿಚ್ಚಿ ಹನುಮಪ್ಪನ ಪಾದದ ಬಳಿ ಇಟ್ಟರು. ಜಂಬಯ್ಯ ಕದಲಿಸದಿದ್ದರೇನಂತೆ, ಕದಲಿದ್ದಂತೂ ನಿಜ. ಆಣೆ ಆಣೆಯೇ.

ಹೊಸ್ತಿಲ ಬಳಿ ಕಾಲು ತಡವರಿಸಿತು. ತಾಯಪ್ಪ ಓಡಿ ಬಂದು ಮೊಣಕೈ ಹಿಡಿದ. ತಾವೇ ತಿದ್ದಿದ ಕೈ, ಎಷ್ಟೊಂದು ಮೆತ್ತಗಿತ್ತು! ಉಸ್ತಾದರು ಮೈಯಲ್ಲಿ ಉಳಿದಿದ್ದ ಬಲವನ್ನೆಲ್ಲ ಒಗ್ಗೂಡಿಸಿ ಆ ಕೈಯನ್ನು ಒದರಿದರು. ಹಿಂದೆ ತಾಯಪ್ಪ ಬಿದ್ದ ಸದ್ದು ಕೇಳಿತು.

ನಿಜವಾಗಿ ಬಿದ್ದನೋ, ರೂಢಿಯಿಂದ ಬಿದ್ದನೋ, ಅವರಿಗೆ ತಿಳಿಯಲಿಲ್ಲ. ತಿರುಗಿ ನೋಡದೆ ನಡೆದುಬಿಟ್ಟರು.