ಮಳೆ ಕಾಣದ ಕಂಬಳಿ

‘ಹಳೆಯದರಿಂದ ಮಾಡಿದ್ದು’ ಎಂಬ ಬರಹ ಕಂಡೊಡನೆ ಕೊಂಡು, ಪುಣ್ಯ ಕಟ್ಟಿಕೊಂಡವರಂತೆ ಮನೆಗೆ ನಡೆದಿರಲ್ಲ, ಆ ವಸ್ತುವನ್ನು ಒಮ್ಮೆಯಾದರೂ ಮೂಗಿನ ಬಳಿ ಹಿಡಿದು ನೋಡಿದಿರಾ?

ನಾನೂ ನೋಡಿರಲಿಲ್ಲ. ಮಧುಗಿರಿಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಚಿತ್ರಕಲೆ ಕಲಿಸಿದವನು ನಾನು. ನನ್ನ ಹಳೆಯ ವಿದ್ಯಾರ್ಥಿ ಪ್ರಸನ್ನ ಕುಮಾರ್ ಕೊರಟಗೆರೆಯಲ್ಲಿ, ಸಿದ್ದರಬೆಟ್ಟಕ್ಕೆ ಹೋಗುವ ರಸ್ತೆಯ ಪಕ್ಕ, ಹಳೆಯ ಕಂಬಳಿಗಳಿಂದ ಕೈಚೀಲ ಹೊಲಿಸಿ ಮಾರುವ ಅಂಗಡಿ ತೆರೆದ. ಅದಕ್ಕೆ ‘ಮತ್ತೊಮ್ಮೆ’ ಎಂದು ಹೆಸರಿಟ್ಟ. ಆ ಮೂರು ಅಕ್ಷರಗಳನ್ನು ಲಾಂಛನವಾಗಿ ಬರೆದುಕೊಟ್ಟವನು ನಾನೇ. ಶಿರಾ, ಪಾವಗಡಗಳ ಕುರಿಗಾಹಿ ಹಟ್ಟಿಗಳಿಂದ ಕಂಬಳಿಗಳು ಬಂದವು. ಮದಲೂರಿನ ಬಳಿಯ ಹಟ್ಟಿಯ ಕ್ಯಾತಮ್ಮ ತೀರಿಹೋದ ಗಂಡ ಹುಚ್ಚಣ್ಣನ ಕಂಬಳಿಯನ್ನು ಕೊಟ್ಟದ್ದು ನನ್ನ ಮಾತು ನಂಬಿ. ಅದರಿಂದಲೇ ತನಗೊಂದು ಚೀಲ ಹೊಲಿದು ಕೊಡಬೇಕೆಂಬುದೊಂದೇ ಆಕೆಯ ಕರಾರು.

ಮೊನ್ನೆ ಪ್ರಸನ್ನ ಲಾಂಛನವನ್ನು ಮೂರನೆಯ ಬಾರಿ ತಿದ್ದಲು ಕರೆದ.

“ಅಕ್ಷರ ಭಾಳ ನೀಟಾಗೈತೆ ಸಾರ್. ಅಂಚು ಸವೆದಂಗಿರ್ಲಿ. ಕೆಳಗಿನ ಒತ್ತುಗಳು ಹರಿದು ತೇಪೆ ಹಾಕ್ದಂಗೆ ಕಾಣ್ಬೇಕು.”

“ಬಟ್ಟೆಯೇ ಸವೆದಿರುವಾಗ ಅಕ್ಷರ ಏಕಪ್ಪ ಸವೆಯಬೇಕು?”

“ಗಿರಾಕಿಗೆ ನಂಬ್ಕೆ ಬರ್ಬೇಕಲ್ಲ ಸಾರ್.”

ಅವನು ಹೇಳಿದಂತೆ ಹಾಳೆಯ ಮೇಲೆ ಅಕ್ಷರಗಳನ್ನು ತಿದ್ದಿಕೊಟ್ಟೆನಾದರೂ ಆ ಉತ್ತರ ಮನಸ್ಸಿನಲ್ಲಿ ಮುಳ್ಳಾಗಿ ನಿಂತಿತು. ಕಪಾಟಿನತ್ತ ಕಣ್ಣು ಹಾಯಿಸಿದೆ. ಅಲ್ಲಿದ್ದ ಅಷ್ಟೂ ಚೀಲಗಳು ಒಂದೇ ಜಾಗದಲ್ಲಿ, ಒಂದೇ ಅಳತೆಯಲ್ಲಿ ಸವೆದಿದ್ದವು. ಅಷ್ಟು ಮಂದಿ ಕುರಿಗಾಹಿಗಳ ಹೆಗಲು ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದೇ? ನಾನು ಏನೂ ಕೇಳುವ ಮೊದಲೇ ಅವನು ಒಂದು ಚೀಲವನ್ನು ಕೈಗಿತ್ತು, “ಅಜ್ಜಿಗೆ ಕೊಟ್ಬುಡಿ ಸಾರ್” ಎಂದು ಒಳಗೆ ಹೋಗಿಬಿಟ್ಟ.

ಮರುದಿನ ಬೆಳಿಗ್ಗೆ ಚೀಲದೊಡನೆ ಹಟ್ಟಿಗೆ ಹೋದೆ. ಕ್ಯಾತಮ್ಮ ಕುರಿಗಳಿಗೆ ಬಾನಿಯಲ್ಲಿ ನೀರು ತುಂಬುತ್ತಿದ್ದಳು.

“ಏನ್ ಮೇಷ್ಟ್ರೇ, ಬಿಸ್ಲಾಗೆ ಬಂದ್ಬುಟ್ರಿ! ನಮ್ ಕುರಿಗೂ ಚಿತ್ರ ಕಲಿಸ್ತೀರಾ?”

ಚೀಲ ಕೊಟ್ಟೆ. ಆಕೆ ಅದನ್ನು ಮಡಿಲಿಗೆ ಹಾಕಿಕೊಳ್ಳಲಿಲ್ಲ, ಮೂಗಿಗೆ ಹಿಡಿದಳು. ಅದರ ಒಂದು ಮೂಲೆಯನ್ನು ಬಾನಿಯಲ್ಲಿ ಅದ್ದಿ ಹೆಬ್ಬೆರಳಿನಿಂದ ಉಜ್ಜಿದಳು. ಬೆರಳು ಲೋಳೆಯಾಯಿತು.

“ಹುಣ್ಸೆಬೀಜದ ಗಂಜಿ ಕಣಪ್ಪ. ನೇಯೋವಾಗ ನೂಲು ಗಟ್ಟಿಯಾಗ್ಲಿ ಅಂತ ಬಳಿತೀವಿ. ನಾಕು ಮಳೆ ಬಿದ್ರೆ ತೊಳ್ದೋಯ್ತದೆ. ನಮ್ಮೆಜಮಾನ್ರ ಕಂಬ್ಳಿ ಮೂವತ್ತು ಮಳೆಗಾಲ ಕಂಡಿತ್ತು. ಇದು ಒಂದ್ ಹನೀನೂ ಕಂಡಿಲ್ಲ, ಮದುವೆ ಗಂಡಿನಂಗೈತೆ!”

ನಕ್ಕವಳು ಚೀಲವನ್ನು ಬಾನಿಯ ಅಂಚಿಗಿಟ್ಟಳು. “ಅವ್ರ ಕಂಬ್ಳಿ ಎಲ್ಲೈತೆ ಮೇಷ್ಟ್ರೇ? ಹೆಗಲ ತಾವ ಕೆಂಪು ದಾರದಾಗೆ ನಾನೇ ತೇಪೆ ಹಾಕಿದ್ದೆ.”

ಅಲ್ಲಿಂದ ನೇರವಾಗಿ ಕೊರಟಗೆರೆಗೆ ಬಂದು, ಯಾರ ಅಪ್ಪಣೆಯನ್ನೂ ಕೇಳದೆ ಅಂಗಡಿಯ ಹಿತ್ತಿಲಿಗೆ ನುಗ್ಗಿದೆ. ಟಾರ್ಪಾಲಿನ ಕೆಳಗೆ ಹಟ್ಟಿಗಳ ಕಂಬಳಿಗಳೆಲ್ಲ ರಾಶಿ ಬಿದ್ದು ನುಸಿ ಹಿಡಿಯುತ್ತಿದ್ದವು.

“ಎಷ್ಟ್ ಒಗೆದ್ರೂ ಕುರಿ ವಾಸ್ನೆ ಹೋಗಲ್ಲ ಸಾರ್,” ಎಂದ ಪ್ರಸನ್ನ, ತಲೆ ತಗ್ಗಿಸದೆಯೇ. “ಒಂದಿದ್ದಂಗೆ ಇನ್ನೊಂದಿರಲ್ಲ. ಗಿರಾಕಿಗೆ ಎಲ್ಲಾ ಒಂದೇ ಥರ ಬೇಕು. ಹೊಸಾವು ತಂದು ಕಲ್ಲಲ್ಲಿ ಉಜ್ಜಿಸ್ತೀನಿ. ಅದ್ರಿಂದ ಯಾರಿಗೇನು ಲಾಸು?”

ಸವೆದಂತೆ ನಟಿಸಲು ನಾನು ತಿದ್ದಿದ್ದ ಅಕ್ಷರಗಳ ಹಾಳೆಯನ್ನು ಅವನೆದುರೇ ಹರಿದೆ. ರಾಶಿಯನ್ನು ಕೆದಕಿ ಕೆದಕಿ, ಕೆಂಪು ದಾರದ ತೇಪೆಯನ್ನು ಕೊನೆಗೂ ಕಂಡೆ. ಕಂಬಳಿಯ ಅರ್ಧವನ್ನು ನುಸಿ ತಿಂದಿತ್ತು.

ಹಟ್ಟಿಗೆ ತಂದುಕೊಟ್ಟಾಗ ಕ್ಯಾತಮ್ಮ ಅದನ್ನು ಬಿಸಿಲಿಗೆ ಹರವಿ, ತೇಪೆಯ ಮೇಲೆ ಕೈಯಾಡಿಸಿದಳು. “ಅರ್ಧನಾದ್ರೂ ಬಂತಲ್ಲ. ಮಿಕ್ಕೋರ್ದು ತರಾಕೆ ಯಾರು ಹೋಗ್ತಾರೆ ಮೇಷ್ಟ್ರೇ?”

ನಾನು ಮತ್ತೆ ಹೋದಾಗ ಹಿತ್ತಿಲಿಗೆ ಬೀಗ ಬಿದ್ದಿತ್ತು. ನಾನು ಮೊದಲು ಬರೆದ ಅಕ್ಷರಗಳು ಮಾತ್ರ ಫಲಕದ ಮೇಲೆ ಈಗಲೂ ಹೊಳೆಯುತ್ತಿವೆ. ಅವನ್ನು ಅಳಿಸುವ ಅಧಿಕಾರ ನನಗಿಲ್ಲ. ಆದ್ದರಿಂದ ನಿಮ್ಮಲ್ಲಿ ಕೇಳುತ್ತಿದ್ದೇನೆ: ಬೆಟ್ಟಕ್ಕೆ ಹೋಗುವಾಗ ಆ ಅಂಗಡಿಯ ಮುಂದೆ ನಿಲ್ಲಿ. ಚೀಲದ ಮೂಲೆಯೊಂದನ್ನು ಒದ್ದೆ ಮಾಡಿ, ಹೆಬ್ಬೆರಳಿನಿಂದ ಉಜ್ಜಿ. ಬೆರಳು ಜಾರಿದರೆ ಹಿತ್ತಿಲ ಬೀಗ ತೆಗೆಸಿ, ಅಲ್ಲಿನ ಕಂಬಳಿಗಳನ್ನು ಅವುಗಳ ಹಟ್ಟಿಗಳಿಗೆ ತಲುಪಿಸಿ.