ಆರನೆಯ ಬೀಗದ ಕೈ

ನಾನು ಕಬ್ಬಿಣದ ಒಂದು ಬೀಗದ ಕೈ. ಫ್ರಾನ್ಸಿಗೂ ಸ್ಪೇನಿಗೂ ನಡುವೆ, ಪಿರೆನೀಸ್ ಬೆಟ್ಟಗಳ ಸಂದಿಯಲ್ಲಿ, ಅಂಡೋರಾ ಎಂಬ ದೇಶವಿದೆ. ನಿಮ್ಮ ಕಡೆಯ ಒಂದು ತಾಲೂಕಿಗಿಂತ ಚಿಕ್ಕದು. ಅಲ್ಲಿಯ ಕುಲುಮೆಯೊಂದರಲ್ಲಿ ನಾನು ಹುಟ್ಟಿದೆ. ಗೇಣುದ್ದ ಇದ್ದೆನಾದ್ದರಿಂದ ಹುಟ್ಟುತ್ತಲೇ ಜಂಬ. ನನ್ನನ್ನು ಅರಮನೆಯ ಬಾಗಿಲಿಗೇ ಮಾಡಿದ್ದಾರೆ ಅಂದುಕೊಂಡಿದ್ದೆ.

ಅರಮನೆ ಎಲ್ಲಿಂದ ಬರಬೇಕು? ಆ ದೇಶಕ್ಕೆ ರಾಜರು ಇಬ್ಬರು, ಇಬ್ಬರೂ ಊರಲ್ಲಿಲ್ಲ. ಒಬ್ಬರು ಸ್ಪೇನ್ ಕಡೆಯ ಬಿಷಪ್ಪರು, ಇನ್ನೊಬ್ಬರು ಫ್ರಾನ್ಸನ್ನು ಆಳುವವರು. ಬಿಷಪ್ಪರಿಗೆ ವರ್ಷ ಬಿಟ್ಟು ವರ್ಷ ಒಣಗಿಸಿದ ಹಂದಿತೊಡೆ, ಗಿಣ್ಣು, ಕೋಳಿ ಕಾಣಿಕೆ ಹೋಗುತ್ತಿತ್ತು. ಸೈನ್ಯ ಇಲ್ಲವೇ ಇಲ್ಲ. ಕುರಿ, ಹೊಗೆಸೊಪ್ಪು, ಗಡಿಯಾಚೆಗೆ ಕದ್ದು ಸಾಗಿಸುವ ಸರಕು, ಇಷ್ಟರಲ್ಲೇ ಬದುಕು.

ನನ್ನನ್ನು ಕೊಂಡೊಯ್ದದ್ದು ಸಭೆ ಸೇರುವ ಕಲ್ಲುಮನೆಗೆ. ಅಲ್ಲೊಂದು ಮರದ ಅಲ್ಮಾರಿ. ದೇಶದ ಹಳೆಯ ಕಾಗದಪತ್ರವೆಲ್ಲ ಅದರೊಳಗೆ. ಅದಕ್ಕೆ ಆರು ಬೀಗ, ಏಕೆಂದರೆ ದೇಶದಲ್ಲಿ ಆರು ಹೋಬಳಿ. ಒಂದೊಂದು ಹೋಬಳಿಯ ಮುಖಂಡನ ಬಳಿ ಒಂದೊಂದು ಬೀಗದ ಕೈ. ಆರೂ ಜನ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಅಂದರೆ ನಾನೊಬ್ಬನೇ ಏನೂ ಅಲ್ಲ ಎಂದಾಯಿತು. ಜಂಬ ಇಳಿಯಿತು. ಆದರೆ ಯೋಚಿಸಿದಷ್ಟೂ ಬೆರಗಾಯಿತು. ಒಂದು ದೇಶ ತನ್ನ ಗುಟ್ಟನ್ನೆಲ್ಲ ಹೀಗೆ ಆರು ಜನರ ಜೇಬಿಗೆ ಹಂಚಿ ನಿಶ್ಚಿಂತೆಯಾಗಿ ಮಲಗುತ್ತದೆಯಲ್ಲ!

ಮುಖಂಡರು ಬದಲಾದಂತೆ ನಾನೂ ಮನೆ ಬದಲಾಯಿಸಿದೆ. ಒಬ್ಬ ಮಹಾಶಯ ನನ್ನಿಂದ ಅಕ್ರೋಟು ಒಡೆಯುತ್ತಿದ್ದ. ಕೊನೆಗೆ ಗಿಲ್ಯೆಮ್‌ನ ಕೈಗೆ ಬಂದೆ. ಆಗ ಹಿಮದ ಮೇಲೆ ಜಾರುವ ಆಟಕ್ಕೆ ಪರದೇಶದವರು ಬರತೊಡಗಿದ್ದರು. ಮೇಲಿನ ಹುಲ್ಲುಗಾವಲು ತನ್ನ ಮನೆತನದ್ದು, ಅಲ್ಲಿ ಹೋಟೆಲು ಕಟ್ಟುತ್ತೇನೆ ಎಂದ ಗಿಲ್ಯೆಮ್. ಅದು ಇಡೀ ಹೋಬಳಿಯದ್ದು, ಅದಿಲ್ಲದಿದ್ದರೆ ತನ್ನ ಕುರಿಗಳಿಗೆ ಗತಿಯಿಲ್ಲ ಎಂದಳು ಎಂಗ್ರಾಸಿಯಾ ಎಂಬ ವಿಧವೆ ಮುದುಕಿ. ಹಳೆಯ ಪತ್ರ ಅಲ್ಮಾರಿಯಲ್ಲಿತ್ತು. ಗೊತ್ತುಪಡಿಸಿದ ದಿನ ಅದನ್ನು ತೆಗೆದು ಓದಲಾಗದಿದ್ದರೆ ಹುಲ್ಲುಗಾವಲು ಗಿಲ್ಯೆಮ್‌ನದೇ ಎಂದು ಸಭೆ ಹೇಳಿತ್ತು.

ಆ ದಿನ ಬೆಳಿಗ್ಗೆ ದಾರಿಯೆಲ್ಲ ಹಿಮದಲ್ಲಿ ಮುಚ್ಚಿಹೋಗಿತ್ತು. ಗಿಲ್ಯೆಮ್ ಒಲೆಯ ಮುಂದೆ ಕೂತಿದ್ದ. ಅವನು ಏನೂ ಮಾಡಬೇಕಾಗಿರಲಿಲ್ಲ, ಕೂತಿದ್ದರೆ ಸಾಕಿತ್ತು. ಎಂಗ್ರಾಸಿಯಾ ಬಂದು ಹೊಸ್ತಿಲಲ್ಲಿ ನಿಂತಳು. ಬೇಡಲಿಲ್ಲ, ಜಗಳವಾಡಲಿಲ್ಲ.

"ಬೀಗದ ಕೈ ಹೊರಡುತ್ತಾ, ಗಿಲ್ಯೆಮ್?" ಎಂದಳು, ಅಷ್ಟೇ.

ಅವನು ಒಲೆಯ ಕೆಂಡಕ್ಕೆ ಬೂದಿ ಮುಚ್ಚಿದ. ಆಮೇಲೆ ಎದ್ದು, ಮೊಳೆಯಿಂದ ನನ್ನನ್ನು ತೆಗೆದು ಜೇಬಿಗೆ ಹಾಕಿಕೊಂಡ. ಮೊಣಕಾಲುದ್ದ ಹಿಮದಲ್ಲಿ ಅವನು ಮುಂದೆ, ಅವನ ಹೆಜ್ಜೆಗುರುತಿನಲ್ಲೇ ಕಾಲಿಡುತ್ತ ಮುದುಕಿ ಹಿಂದೆ. ಕಲ್ಲುಮನೆ ಮುಟ್ಟಿದಾಗ ಐದು ಬೀಗ ತೆರೆದಾಗಿತ್ತು. ಗಿಲ್ಯೆಮ್‌ನ ಕೈ ಎಷ್ಟು ನಡುಗುತ್ತಿತ್ತೆಂದರೆ ನನಗೆ ತೂತೇ ಸಿಗಲಿಲ್ಲ. ಎಂಗ್ರಾಸಿಯಾ ಅವನ ಮಣಿಕಟ್ಟು ಹಿಡಿದಳು. ನಾನು ತಿರುಗಿದೆ.

ಪತ್ರ ಓದಿದರು. ಹುಲ್ಲುಗಾವಲು ಹೋಬಳಿಯದ್ದಾಗಿತ್ತು. ಹಿಮದ ನೆಪ ಹೇಳಿ ಮನೆಯಲ್ಲೇ ಇರಬಹುದಿತ್ತಲ್ಲ ಎಂದು ಯಾರೋ ಪಿಸುಗುಟ್ಟಿದರು.

"ಇರಬಹುದಿತ್ತು. ಆಮೇಲೆ ಈ ಅಲ್ಮಾರಿಯನ್ನು ಯಾರು ನಂಬುತ್ತಿದ್ದರು?" ಎಂದ ಗಿಲ್ಯೆಮ್.

ಮುಂದೆ ಒಂದು ಹೋಬಳಿ ಒಡೆದು ಎರಡಾಯಿತು, ಏಳನೆಯ ಬೀಗ ಬಂತು. ಸಂವಿಧಾನ ಬಂತು, ಕೋಳಿಗಳ ಕಾಣಿಕೆ ನಿಂತಿತು. ಕಣಿವೆಯ ತುಂಬ ಅಂಗಡಿ, ಬ್ಯಾಂಕು, ಹೋಟೆಲು. ಹಲ್ಲು ಸವೆದ ನನ್ನ ಜಾಗಕ್ಕೆ ಹೊಸದನ್ನು ಮಾಡಿಸಿ, ನನ್ನನ್ನು ಅಲ್ಮಾರಿಯ ಪಕ್ಕ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ನೋಡಲು ಬರುವವರು ನೂರು ಭಾಷೆಯಲ್ಲಿ ನನ್ನ ಹೆಸರು ಹೇಳುತ್ತಾರೆ. ಯಾವುದೂ ನನ್ನದು ಅನ್ನಿಸಿರಲಿಲ್ಲ.

ಹೋದ ಬೇಸಿಗೆಯಲ್ಲಿ ಹುಬ್ಬಳ್ಳಿಯ ಒಬ್ಬ ಹೆಂಗಸು ಬಂದಿದ್ದರು. ಬಾಗಿ ನನ್ನನ್ನೇ ನೋಡಿ, ಗಂಡನಿಗೆ ಹೇಳಿದರು:

"ಇಲ್ಲೆ ನೋಡ್ರೀ, ಬೀಗದ ಕೈ. ಇಂಥಾವು ಏಳು ಕೂಡಿದ್ರನ ಇದು ತೆರೀತದಂತ."

ಕೈ! ಕಬ್ಬಿಣದ ತುಂಡಿಗೆ ಕೈ ಎನ್ನುವ ಜನರೂ ಇದ್ದಾರೆ. ನನಗೆ ಹಿಮದ ಆ ದಿನ ನೆನಪಾಯಿತು. ಸರಿಯಾದ ಮಾತು, ತಾಯಿ. ಅಂದು ಆ ಬೀಗ ತೆಗೆದದ್ದು ನಾನಲ್ಲ, ನಡುಗುತ್ತಿದ್ದ ಒಂದು ಕೈ, ಅದನ್ನು ಹಿಡಿದ ಇನ್ನೊಂದು ಕೈ.